ಮರಿ ಕೇಳಿದವರಿಗೆ

ಹೋದ ವಾರ ತೆಂಗಿನ ಪಾತಿ ಬಿಡಿಸೋದರ ಬಗ್ಗೆ ಬರೆದಾಗ ಒಂದು ಫೋಟೋ ಹಾಕಿದ್ದೆ. ಫೋಟೋದ ಮೂಲೇಲಿ ನಮ್ಮ ನಾಯಿ ಕೂತಿತ್ತು. ಪಾತಿ ಬಗ್ಗೆ ಕೇಳಿದವರು ಇಬ್ಬರು. ನಾಯಿ ಬಗ್ಗೆ ಕೇಳಿದವರು ಹನ್ನೊಂದು ಜನ. ಅದರಲ್ಲಿ ಮೂರು ಜನ ಫೋನೇ ಮಾಡಿ, "ಅಣ್ಣಾ, ಮರಿ ಹಾಕಿದ್ರೆ ಒಂದು ನಮಗೆ ಇಟ್ಟಿರಿ, ದುಡ್ಡು ಎಷ್ಟಾದ್ರೂ ಆಗ್ಲಿ" ಅಂದ್ರು. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಓದಿ.

ಮೊದಲೇ ಹೇಳಿಬಿಡ್ತೀನಿ. ಮರಿ ಇಲ್ಲ, ಮುಂದೂ ಇರಲ್ಲ. ಯಾಕೆ ಅನ್ನೋದನ್ನ ಹೇಳಬೇಕಾದ್ರೆ ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕಾಗುತ್ತೆ. ಹೇಳ್ತೀನಿ.

ಈ ನಾಯಿ ನಾನು ತಂದಿದ್ದಲ್ಲ. ಬೆಂಗಳೂರಲ್ಲಿರೋ ಮಗಳು ಅಳಿಯ ಇಪ್ಪತ್ತೆಂಟು ಸಾವಿರ ಕೊಟ್ಟು ಮರಿ ತಗೊಂಡಿದ್ರು. ಮಾರಿದವನು ಇದಕ್ಕೆ ಪಾಮ್‌ಸ್ಕಿ ಅಂತ ಹೆಸರು ಹೇಳಿದ್ದನಂತೆ. ಅಂದ್ರೆ ಹಸ್ಕಿ ಅನ್ನೋ ಹಿಮದ ಸೀಮೆ ನಾಯಿಗೂ ಪಾಮೇರಿಯನ್‌ಗೂ ಬೆರಕೆ. ಹಸ್ಕಿ ಗಂಡಾದ್ರೆ 20ರಿಂದ 27 ಕೆ.ಜಿ., ಹೆಣ್ಣಾದ್ರೆ 16ರಿಂದ 23 ಕೆ.ಜಿ. ತೂಗುತ್ತೆ. ನಮ್ಮದು 11 ಕೆ.ಜಿ. ನೋಡೋಕೆ ತೋಳದ ಮರಿ ಇದ್ದಂಗೆ. ಬೆನ್ನು ಬೂದಿ ಬಣ್ಣ, ಹೊಟ್ಟೆ ಬಿಳಿ, ಬಾಲ ಬೆನ್ನ ಮೇಲೆ ಸುರುಳಿ. ಒಂದು ಕಣ್ಣು ಕಂದು, ಇನ್ನೊಂದು ನೀಲಿ. ಮೊದಲ ದಿನ ನಮ್ಮೂರ ಅಜ್ಜಿ ಒಬ್ಬರು ನೋಡಿ, "ಪಾಪ, ಒಂದು ಕಣ್ಣಿಗೆ ಪೊರೆ ಬಂದೈತೆ" ಅಂದ್ರು. ಪೊರೆ ಅಲ್ಲ, ಹಸ್ಕಿ ರಕ್ತ ಇದ್ರೆ ಹಾಗೆ ಹುಟ್ಟೋದು ಮಾಮೂಲಿ. ಎರಡೂ ಕಣ್ಣು ಚೆನ್ನಾಗಿ ಕಾಣುತ್ತೆ.

ಅವರ ಅಪಾರ್ಟ್‌ಮೆಂಟಲ್ಲಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ್ರೆ ಬರೋದು ರಾತ್ರಿ ಎಂಟಕ್ಕೆ. ಅಲ್ಲೀತನಕ ಇದು ಒಂದೇ. ಒಂದೇ ಇದ್ದರೆ ಊಳಿಡುತ್ತೆ. ಊಳಿಟ್ಟು ಸಾಕಾದ್ರೆ ಸೋಫಾ ಹರಿಯುತ್ತೆ. ಅಕ್ಕಪಕ್ಕದವರು ದೂರು ಕೊಟ್ಟರು. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಮಗಳು, "ಅಪ್ಪಾ, ಒಂದು ತಿಂಗಳು ಇಲ್ಲೇ ಇರ್ಲಿ, ತೋಟದಲ್ಲಿ ಓಡಾಡಿಕೊಂಡು ಆರಾಮಾಗಿರುತ್ತೆ" ಅಂತ ಬಿಟ್ಟು ಹೋದಳು. ಆಗ ಅದಕ್ಕೆ ಒಂದು ವರ್ಷ. ಮಗಳು ಇಟ್ಟ ಹೆಸರು ಸ್ನೋಯಿ. ನಮ್ಮನೆಯವರ ಬಾಯಿಗೆ ಅದು ಬರಲಿಲ್ಲ, ಬೆಳ್ಳಿ ಅಂದ್ರು. ಮೂರೇ ದಿನಕ್ಕೆ ಅದು ಬೆಳ್ಳಿ ಅಂದ್ರೆ ತಿರುಗಿ ನೋಡೋಕೆ ಶುರು ಮಾಡ್ತು. ತಿರುಗಿ ನೋಡುತ್ತೆ ಅಷ್ಟೇ, ಕರೆದ್ರೆ ಬರೋದು ಅದರ ಇಷ್ಟ.

ನನಗೀಗ ಐವತ್ತಾರು. ಹುಟ್ಟಿದಾಗಿಂದ ದನ, ಎಮ್ಮೆ, ಕುರಿ ಜೊತೆ ಬೆಳೆದವನು. ನಾಯಿ ಸಾಕೋದು ಏನು ದೊಡ್ಡ ವಿದ್ಯೆ ಅಂದ್ಕೊಂಡಿದ್ದೆ. ನಮ್ಮ ಕರಿಯ ಹನ್ನೆರಡು ವರ್ಷದಿಂದ ಇದ್ದಾನೆ. ಉಳಿದ ಮುದ್ದೆ ಸಾರು ತಿಂದ್ಕೊಂಡು, ಕೊಟ್ಟಿಗೆ ಬಾಗಿಲಲ್ಲಿ ಮಲಗ್ತಾನೆ. ಹೊಸಬರು ಬಂದ್ರೆ ಬೊಗಳ್ತಾನೆ, ಗದರಿದ್ರೆ ಸುಮ್ಮನಾಗ್ತಾನೆ. ನಾಯಿ ಅಂದ್ರೆ ಇದು ಅನ್ನೋದು ನನ್ನ ಲೆಕ್ಕ. ಬೆಳ್ಳಿಯನ್ನೂ ಅದೇ ಲೆಕ್ಕದಲ್ಲಿ ಸಾಕೋಕೆ ಹೋದೆ.

ಮೊದಲ ಚಳಿಗಾಲ ಚೆನ್ನಾಗೇ ಇತ್ತು. ಧನುರ್ಮಾಸದ ಚಳೀಲಿ ನಾವು ಕಂಬಳಿ ಹೊದ್ದು ಹಾಲು ಕರೀತಿದ್ರೆ ಇದು ಇಬ್ಬನಿ ಬಿದ್ದ ಹುಲ್ಲಲ್ಲಿ ಹೊರಳಾಡೋದು. ತೋಟದ ಒಂದು ಬದುವಿಂದ ಇನ್ನೊಂದು ಬದುವಿಗೆ ಸುಮ್ಮನೆ ಓಡೋದು, ಯಾರೂ ಅಟ್ಟಿಸಿಕೊಂಡು ಬರದಿದ್ರೂ ಓಡೋದು. ನೋಡೋಕೆ ಖುಷಿ. ಆದ್ರೆ ಆಗಲೇ ಒಂದೊಂದೇ ಗೊತ್ತಾಗ್ತಾ ಬಂತು.

ಕಾವಲಿಗೆ ಇದು ಬರಲ್ಲ. ಕಾಯಿ ವ್ಯಾಪಾರಿ ಮೊದಲ ಸಲ ಬಂದಾಗ ಕರಿಯ ಬೊಗಳಿ ಬೊಗಳಿ ಗಂಟಲು ಕಟ್ಟಿಕೊಂಡ. ಇದು ಹೋಗಿ ಆ ಮನುಷ್ಯನ ಕೈ ನೆಕ್ಕಿ, ಕಾಲ ಹತ್ರ ಅಂಗಾತ ಮಲಗಿತು. ಕಳ್ಳ ಬಂದ್ರೂ ಹೀಗೇ ಮಾಡುತ್ತೆ. ಬೊಗಳೋದು ಕಡಿಮೆ, ಊಳಿಡೋದು ಜಾಸ್ತಿ. ಸಿಟ್ಟು ಬಂದ್ರೆ, ಊಟ ತಡ ಆದ್ರೆ, ಊಊ ವವವ ಅಂತ ಮಾತಾಡಿದ ಹಾಗೆ ರಾಗ ತೆಗೆಯುತ್ತೆ. ನಮ್ಮನೆಯವರು ಅದಕ್ಕೆ ಉತ್ತರಾನೂ ಕೊಡ್ತಾರೆ.

ಇನ್ನೊಂದು, ಮಣ್ಣು ಕೆರೆಯೋದು. ಹನಿ ನೀರಾವರಿ ಪೈಪ್ ಇರೋ ಕಡೆ ಮಣ್ಣು ತಣ್ಣಗಿರುತ್ತಲ್ಲ, ಅಲ್ಲೇ ಒಂದೂವರೆ ಅಡಿ ಗುಂಡಿ ತೆಗೆದು ಮಲಗೋದು. ಒಂದೇ ವಾರದಲ್ಲಿ ನಾಲ್ಕು ಕಡೆ ಪೈಪ್ ಕಿತ್ತು ಹಾಕಿತ್ತು. ಬೇಲಿ ಎತ್ತರ ಮಾಡಿದ್ರೆ ಕೆಳಗಿಂದ ಕೆರೆದು ನುಸುಳುತ್ತೆ.

ಆಮೇಲೆ ಕೋಳಿ. ಸಂಕ್ರಾಂತಿ ಆಗಿ ನಾಲ್ಕು ದಿನಕ್ಕೆ ಪಕ್ಕದ ತೋಟದ ದೊಡ್ಡಮ್ಮನ ಮೂರು ಹ್ಯಾಟೆ ಕೋಳಿ ಹಿಡಿದು ಹಾಕಿತು. ಮೂರೂ ಮೊಟ್ಟೆಗೆ ಬಂದಿದ್ವು. ತಿನ್ನಲಿಲ್ಲ, ಸಾಯಿಸಿ ಸಾಲಾಗಿ ನಮ್ಮ ಅಂಗಳಕ್ಕೆ ತಂದಿಟ್ಟಿತ್ತು. ದೊಡ್ಡಮ್ಮ ಬಂದು, "ಏನಪ್ಪಾ, ನಲವತ್ತು ವರ್ಷದಿಂದ ಒಂದೇ ಬದುವಲ್ಲಿ ಓಡಾಡಿದೀವಿ, ಒಂದು ಕರ ನಮ್ಮ ಹೊಲಕ್ಕೆ ನುಗ್ಗಿದ್ದಿಲ್ಲ. ಈಗ ನಿನ್ ಮಗಳ ನಾಯಿ ಬಂದು ಹಿಂಗೆ ಮಾಡ್ತಲ್ಲ" ಅಂದ್ರು. ಬೈದಿದ್ರೆ ಏನೂ ಅನ್ನಿಸ್ತಿರ್ಲಿಲ್ಲ. ಬೈಯಲಿಲ್ಲ. ಸಾವಿರದ ಐನೂರು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಮಾರನೇ ದಿನ ಸಂತೆಯಿಂದ ಮೂರು ಹ್ಯಾಟೆ ತಂದು ಅವರ ಗೂಡಿಗೆ ಬಿಟ್ಟು ಬಂದೆ. ಅವತ್ತಿಂದ ಬೆಳ್ಳಿ ಕತ್ತಿಗೆ ಸರಪಳಿ ಬಿತ್ತು.

ಫೆಬ್ರವರಿ ಮುಗಿಯೋ ಹೊತ್ತಿಗೆ ಕೂದಲು ಉದುರೋಕೆ ಶುರು ಆಯ್ತು. ಮನೆ ತುಂಬಾ ಹತ್ತಿ ಹಾರಿದಂಗೆ. ಬಿಸಿಲೂ ಏರ್ತಾ ಇತ್ತು. ಇಷ್ಟು ದಪ್ಪ ಕೂದಲಲ್ಲಿ ಪಾಪ ಎಷ್ಟು ಸೆಕೆಯೋ ಅಂದ್ಕೊಂಡೆ. ಕುರಿ ಉಣ್ಣೆ ಕತ್ತರಿಸೋಕೆ ಬಂದಿದ್ದವರ ಕೈಲಿ ಇದರ ಮೈ ಕೂದಲನ್ನೂ ಬುಡಮಟ್ಟ ಕತ್ತರಿಸಿಸಿದೆ. ಕುರಿಗೆ ಬೇಸಿಗೇಲಿ ಒಳ್ಳೇದಾಗುತ್ತೆ ಅಂದ್ರೆ ನಾಯಿಗೂ ಆಗಬೇಕಲ್ಲ. ಕತ್ತರಿಸಿದ ಮೇಲೆ ಇಲಿ ತರ ಕಾಣೋದು. ನಕ್ಕಿದ್ವಿ.

ಏಪ್ರಿಲ್ ಎರಡನೇ ವಾರ. ಅವತ್ತು ಕೊಬ್ಬರಿ ಹರಾಜು. ನಮ್ಮನೆಯವರು ತಂಗಿ ಮನೆಗೆ ಹೋಗಿದ್ರು. ಬೆಳಿಗ್ಗೆ ಹತ್ತಕ್ಕೆ ಬೆಳ್ಳಿಯನ್ನ ಮೋಟಾರ್ ಮನೆ ಪಕ್ಕ ನೆರಳಲ್ಲಿ ಸರಪಳಿ ಹಾಕಿ ಕಟ್ಟಿ, ಒಂದು ಬಟ್ಟಲಲ್ಲಿ ನೀರಿಟ್ಟು ಹೋದೆ. ಹನ್ನೊಂದೂವರೆಗೆ ವಾಪಸ್ ಬರ್ತೀನಿ ಅಂದ್ಕೊಂಡಿದ್ದೆ. ತೂಕ, ಬಿಲ್ಲು, ಚೆಕ್ಕು ಅಂತ ಎರಡು ಗಂಟೆ ಆಯ್ತು. ಬಂದು ನೋಡ್ತೀನಿ, ನೆರಳು ಗೋಡೆ ಆ ಕಡೆ ಹೋಗಿದೆ. ನೀರಿನ ಬಟ್ಟಲು ಕವುಚಿಬಿದ್ದಿದೆ. ಸರಪಳಿ ಒಂದು ಕಲ್ಲಿಗೆ ಸುತ್ತಿಕೊಂಡು ಒಂದು ಮೊಳ ಉಳಿದಿದೆ. ಇದು ಬಿಸಿಲಲ್ಲಿ ಪಕ್ಕಕ್ಕೆ ಬಿದ್ದಿದೆ. ನಾಲಿಗೆ ಕಡುಗೆಂಪಾಗಿ ಮಣ್ಣಿಗೆ ತಾಗಿದೆ, ಬಾಯಲ್ಲಿ ಅಂಟು ಜೊಲ್ಲು. ಎತ್ತಿ ನಿಲ್ಲಿಸಿದ್ರೆ ಕುಡಿದವರ ಹಾಗೆ ತೂರಾಡಿ ಮತ್ತೆ ಬಿತ್ತು. ಬೆಳ್ಳಿ ಅಂದ್ರೆ ತಿರುಗಿ ನೋಡಲಿಲ್ಲ.

ಎತ್ತಿಕೊಂಡು ದನದ ತೊಟ್ಟಿ ಹತ್ರ ಓಡಿದೆ. ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ನೀರು ಹೊಯ್ದೆ. ಬಾಯಿಗೆ ನೀರು ಬಿಡೋಕೆ ಹೋದೆ, ನುಂಗೋ ಶಕ್ತಿ ಇರಲಿಲ್ಲ, ಬಿಟ್ಟೆ. ಪಕ್ಕದ ತೋಟದ ದೊಡ್ಡಮ್ಮನ ಮಗನ್ನ ಕೂಗಿ ಕರೆದೆ. ಅವನು ಬೈಕ್ ತಂದ. ನಾನು ಹಿಂದೆ ಒದ್ದೆ ಟವಲಲ್ಲಿ ಇದನ್ನ ಮಲಗಿಸಿಕೊಂಡು ಕೂತೆ, ಗಾಳಿ ಆಡ್ಲಿ ಅಂತ ಮುಖ ಬಿಟ್ಟು. ಒಂಬತ್ತು ಕಿಲೋಮೀಟರ್. ದಾರಿ ಉದ್ದಕ್ಕೂ ನನ್ನ ತಲೇಲಿ ಒಂದೇ ಇತ್ತು. ಮೂರು ಕೋಳಿಗೆ ನಾನು ಸರಪಳಿ ಹಾಕಿದೆ. ಆ ಕೋಳಿ ಕಳ್ಕೊಂಡವರ ಮಗನೇ ಈಗ ಇದನ್ನ ಉಳಿಸೋಕೆ ಓಡಿಸ್ತಾ ಇದಾನೆ.

ಡಾಕ್ಟರು ಜ್ವರ ನೋಡಿದ್ರೆ 106 ಡಿಗ್ರಿ. ನಾಯಿಗೆ ಮಾಮೂಲಿ ಇರೋದು 101ರಿಂದ 102.5. ಡ್ರಿಪ್ ಹಾಕಿ, ಫ್ಯಾನ್ ಕೆಳಗೆ ಒದ್ದೆ ಬಟ್ಟೆ ಮೇಲೆ ಮಲಗಿಸಿದ್ರು. "ಮೊದಲು ನೀರು ಹಾಕಿ ಆಮೇಲೆ ಕರ್ಕೊಂಡು ಬಂದ್ರಿ, ಅದೇ ಒಳ್ಳೇದಾಯ್ತು. ಐಸ್ ಗೀಸ್ ಹಾಕಲಿಲ್ವಲ್ಲ?" ಅಂದ್ರು. ಮಂಜುಗಡ್ಡೆ ಮೈಮೇಲೆ ಸುರಿದ್ರೆ ಚರ್ಮದ ರಕ್ತನಾಳ ಮುದುಡಿ ಒಳಗಿನ ಬಿಸಿ ಒಳಗೇ ಉಳಿಯಬಹುದಂತೆ. ಬೋರ್‌ವೆಲ್ ನೀರು ಸಾಕು, ಗಾಳಿ ಬೇಕು. ಆಮೇಲೆ ಮೈ ಕೂದಲು ನೋಡಿ, "ಯಜಮಾನ್ರೇ, ಇದನ್ನ ಯಾರು ಬೋಳಿಸಿದ್ದು?" ಅಂದ್ರು. ನಾನು ಕುರಿ ಕಥೆ ಹೇಳಿದೆ.

ಅವರು ಹೇಳಿದ್ದು ಇಷ್ಟು. ಈ ಜಾತಿಗೆ ಎರಡು ಪದರ ಕೂದಲು. ಒಳಗಿನದು ಹತ್ತಿ ಹಾಗೆ ಮೆತ್ತಗೆ, ಚಳಿಗಾಗಿ. ಮೇಲಿನದು ಉದ್ದ, ಒರಟು. ಆ ಮೇಲಿನ ಪದರ ಮಳೆ ಹಿಮ ತಡೆಯೋದಷ್ಟೇ ಅಲ್ಲ, ಬಿಸಿಲು ನೇರ ಚರ್ಮಕ್ಕೆ ಬೀಳದ ಹಾಗೂ ನೋಡಿಕೊಳ್ಳುತ್ತೆ. ಬೇಸಿಗೆ ಬಂದಾಗ ಒಳಗಿನ ಹತ್ತಿ ತಾನೇ ಉದುರುತ್ತೆ, ನಾವು ಅದನ್ನ ಬಾಚಿ ತೆಗೀಬೇಕು ಅಷ್ಟೇ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ಬಾಯಿ ತೆಗೆದು ತೇಗುತ್ತಲ್ಲ, ಅದರಲ್ಲೇ ಹೆಚ್ಚಿನ ಬಿಸಿ ಹೊರಗೆ ಹೋಗಬೇಕು. ನಾನು ಮಾಡಿದ್ದು ಸೆಕೆ ಅಂತ ಚಪ್ಪರದ ಗರಿ ಕಿತ್ತುಹಾಕಿ ಬಿಸಿಲಲ್ಲಿ ಕೂರಿಸಿದ ಹಾಗಾಯ್ತು. ಆ ಕೂದಲು ಸರಿಯಾಗಿ ಬರೋಕೆ ಒಂದು ವರ್ಷದ ಮೇಲೆ ಹಿಡೀತು. ಬೆನ್ನ ಮೇಲೆ ಒಂದು ಅಂಗೈ ಅಗಲ ಈಗಲೂ ಒರಟು ಕೂದಲು ಬಂದಿಲ್ಲ.

ಎರಡು ದಿನ ಅಲ್ಲೇ ಇತ್ತು. ಬದುಕಿತು. ಮಗಳಿಗೆ ಫೋನ್ ಮಾಡಿದೆ. ಅತ್ತಳು. ಆಮೇಲೆ, "ಅಪ್ಪಾ, ನಿಮಗೂ ಕಷ್ಟ, ಅದಕ್ಕೂ ಕಷ್ಟ, ಯಾರಿಗಾದ್ರೂ ಕೊಟ್ಟುಬಿಡೋಣ" ಅಂದಳು.

ಈಗ ಮರಿ ವಿಷಯಕ್ಕೆ ಬರ್ತೀನಿ. ಆ ವರ್ಷ ಜೂನಲ್ಲಿ ನಮ್ಮ ಬೋರ್ ಮೋಟಾರ್ ಸುಟ್ಟುಹೋಯ್ತು. ಎತ್ತಿಸಿ, ರಿವೈಂಡ್ ಮಾಡಿಸಿ, ಮತ್ತೆ ಇಳಿಸೋಕೆ ಇಪ್ಪತ್ತೆರಡು ಸಾವಿರ ಅಂದ್ರು. ಕೈಲಿ ಇರಲಿಲ್ಲ. ಅದೇ ಸಮಯಕ್ಕೆ ನಾಯಿ ಮರಿ ವ್ಯಾಪಾರ ಮಾಡೋ ಒಬ್ಬ ಬೆಂಗಳೂರು ಕಡೆಯಿಂದ ಬಂದ. ಇದು ಹೆಣ್ಣು, ಬೆರಕೆ ಚೆನ್ನಾಗಿದೆ, ನೀಲಿ ಕಣ್ಣಿದೆ ಅಂತ ಇಪ್ಪತ್ತು ಸಾವಿರ ಕೊಡ್ತೀನಿ ಅಂದ. ನಾನು ಆಗಲಿ ಅಂದೆ. ಸುಳ್ಳು ಯಾಕೆ ಹೇಳಲಿ, ಮನಸ್ಸಲ್ಲೇ ದೇವರು ಕಣ್ಣು ಬಿಟ್ಟ ಅಂದ್ಕೊಂಡೆ.

ಅವನು ಕೂತು ಬೆಳ್ಳಿ ಬಾಯಿ ಬಿಡಿಸಿ ಹಲ್ಲು ನೋಡಿದ, ಮೊಲೆ ನೋಡಿದ, ಎಷ್ಟು ಸಲ ಬೆದೆಗೆ ಬಂದಿದೆ ಅಂತ ಕೇಳಿದ. ಜಾತ್ರೇಲಿ ನಾನೂ ಹೋರಿ ಹಲ್ಲು ನೋಡಿದವನೇ, ಅದರಲ್ಲಿ ತಪ್ಪೇನಿಲ್ಲ. ಎಲ್ಲಿಡ್ತೀಯ ಅಂತ ಕೇಳಿದೆ. ಫೋನಲ್ಲಿ ಫೋಟೋ ತೋರಿಸಿದ. ತಗಡಿನ ಮಾಳಿಗೆ ಕೆಳಗೆ ಸಾಲಾಗಿ ಕಬ್ಬಿಣದ ಪಂಜರ. ಒಂದೊಂದರಲ್ಲಿ ಒಂದೊಂದು ನಾಯಿ. "ವರ್ಷಕ್ಕೆ ಎರಡು ಸೂಲು ತೆಗೀಬಹುದು ಸಾರ್" ಅಂದ.

ನಾನು ಎಷ್ಟೋ ಹಸು, ಹೋರಿ ಮಾರಿದ್ದೀನಿ. ಮಾರಿದ ದಿನ ಊಟ ಸೇರಲ್ಲ, ಮಾರನೇ ದಿನ ಸರಿ ಹೋಗುತ್ತೆ. ಯಾಕಂದ್ರೆ ನನ್ನ ಕೊಟ್ಟಿಗೆಯಿಂದ ಹೋದ ಹಸು ಇನ್ನೊಬ್ಬ ರೈತನ ಕೊಟ್ಟಿಗೆಗೆ ಹೋಗುತ್ತೆ. ಅಲ್ಲೂ ಹುಲ್ಲು, ಅಲ್ಲೂ ಗದ್ದೆ ಬಯಲು. ಇದು ಹೋಗೋದು ತಗಡಿನ ಕೆಳಗಿನ ಪಂಜರಕ್ಕೆ, ಅದೂ ಓಡೋಕೇ ಹುಟ್ಟಿದ ನಾಯಿ. ಏಪ್ರಿಲಲ್ಲಿ ನಾಲ್ಕು ಗಂಟೆ ನಾನು ಕಟ್ಟಿಹಾಕಿದ್ದಕ್ಕೆ ಏನಾಯ್ತು ಅಂತ ನೋಡಿದ್ದೆ. ನಮ್ಮನೆಯವರು ಬಾಗಿಲ ಹತ್ರ ನಿಂತಿದ್ರು. ಬೇಡ ಅಂತಾನೂ ಅನ್ನಲಿಲ್ಲ, ಕೊಡಿ ಅಂತಾನೂ ಅನ್ನಲಿಲ್ಲ. ಕಾಫಿ ತರ್ತೀನಿ ಅಂದವರು ತರಲಿಲ್ಲ. ನಾನು ಆ ಮನುಷ್ಯನಿಗೆ ಇಲ್ಲಪ್ಪಾ ಅಂದೆ. ಮೋಟಾರಿಗೆ ಸೊಸೈಟೀಲಿ ಸಾಲ ತಗೊಂಡೆ. ಹೋದ ಯುಗಾದಿಗೆ ತೀರಿತು.

ಅದೇ ಆಗಸ್ಟಲ್ಲಿ ಬೆಳ್ಳಿಗೆ ಗರ್ಭಕೋಶದ ಆಪರೇಷನ್ ಮಾಡಿಸಿದ್ವಿ. ಅದಕ್ಕೇ ಮರಿ ಇಲ್ಲ. ಮಾಡಿಸದೇ ಇದ್ದಿದ್ರೂ ನಾನು ಕೊಡ್ತಿರ್ಲಿಲ್ಲ. ಬೆರಕೆ ಅಂದ್ರೆ ಏನು ಬರುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಒಂದೇ ಸೂಲಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು, ಒಂದಕ್ಕೆ ಹಸ್ಕಿ ಹಟ, ಒಂದಕ್ಕೆ ಪಾಮೇರಿಯನ್ ಬೊಗಳು ಬರಬಹುದು. ಚಿಕ್ಕದಾಗಿದ್ರೆ ಸುಲಭ ಅನ್ನೋದು ತಪ್ಪು. ನಮ್ಮದರಲ್ಲಿ ಮೈ ಚಿಕ್ಕದಾಗಿದೆ, ಓಟದ ಆಸೆ ಚಿಕ್ಕದಾಗಿಲ್ಲ.

ಡಾಕ್ಟರು ಹೇಳಿದ ಮೇಲೆ ನಾನು ಫೋನಲ್ಲಿ ಈ ಜಾತಿ ಬಗ್ಗೆ ಹುಡುಕಿ ಹುಡುಕಿ ಓದಿದೆ. ರಷ್ಯಾದ ಈಶಾನ್ಯ ತುದಿ ಸೈಬೀರಿಯಾದಲ್ಲಿ ಚುಕ್ಚಿ ಅನ್ನೋ ಜನ ಹಿಮದ ಮೇಲೆ ಜಾರುಬಂಡಿ ಎಳೆಯೋಕೆ ಬೆಳೆಸಿದ ನಾಯಿ ಇವು. ಅಲ್ಲಿಂದ ಅಮೆರಿಕದ ಅಲಾಸ್ಕಾಕ್ಕೆ ಹೋದವು. 1925ರಲ್ಲಿ ಅಲ್ಲಿನ ನೋಮ್ ಅನ್ನೋ ಊರಲ್ಲಿ ಮಕ್ಕಳಿಗೆ ಗಂಟಲಮಾರಿ ಬಂತು. ನಡುಚಳಿ, ವಿಮಾನ ಇಲ್ಲ, ಹಡಗಿಲ್ಲ. ಆಗ 20 ಜನ ಸುಮಾರು 150 ನಾಯಿಗಳನ್ನ ಕಟ್ಟಿಕೊಂಡು, ಒಬ್ಬರಿಂದ ಒಬ್ಬರಿಗೆ ಕೈ ದಾಟಿಸುತ್ತಾ, 1,080 ಕಿಲೋಮೀಟರ್‌ಗೂ ಹೆಚ್ಚು ದೂರ ಐದೂವರೆ ದಿನದಲ್ಲಿ ಔಷಧಿ ತಲುಪಿಸಿದ್ರು. ಅದರಲ್ಲಿ ಎಲ್ಲಕ್ಕಿಂತ ಉದ್ದದ, ಅಪಾಯದ ದಾರಿ ಎಳೆದಿದ್ದು ಟೋಗೋ ಅನ್ನೋ ನಾಯಿಯ ಗುಂಪು. ಟೋಗೋ ಮರಿಯಲ್ಲಿ ಕಾಯಿಲೆ ಬಿದ್ದು ಚಿಕ್ಕದಾಗೇ ಬೆಳೆದ ನಾಯಿಯಂತೆ. ಇದು ಬಂಡಿಗೆ ಬರಲ್ಲ ಅಂತ ಯಜಮಾನ ಯಾರದೋ ಮನೆಗೆ ಸಾಕೋಕೆ ಕೊಟ್ಟನಂತೆ. ಅದು ಕಿಟಕಿ ಗಾಜು ಒಡೆದು ಹಾರಿ, ಮೈಲಿಗಟ್ಟಲೆ ಓಡಿ ವಾಪಸ್ ಬಂತಂತೆ.

ಇದನ್ನ ಓದಿದಾಗ ಮಗಳ ಸೋಫಾ, ನಮ್ಮ ಬೇಲಿ, ದೊಡ್ಡಮ್ಮನ ಕೋಳಿ ಎಲ್ಲಾ ನೆನಪಾಯ್ತು. ನಾನು ಇದನ್ನ ಹಟಮಾರಿ, ಪುಂಡ ನಾಯಿ ಅಂತಿದ್ದೆ. ಎಳೆಯೋ ಹೋರಿಯನ್ನ ಕೆಲಸ ಇಲ್ಲದೆ ವರ್ಷಗಟ್ಟಲೆ ಕಟ್ಟಿ ಹಾಕಿದ್ರೆ ಗೂಟ ಕೀಳಲ್ವಾ? ಇದೂ ಹಂಗೇ ಕೆಲಸ ಇಲ್ಲದ ನಾಯಿ. ಹಾಗಾಗಿ ಕೆಲಸ ಕೊಟ್ಟೆ.

ಈಗ ದಿನಾ ಬೆಳಿಗ್ಗೆ ಐದಕ್ಕೆ ಮುಂಚೆ ಎದ್ದು ಎದೆಪಟ್ಟಿ ಹಾಕ್ತೀನಿ. ಕತ್ತಿಗೆ ಹಗ್ಗ ಹಾಕಿದ್ರೆ ಎಳೆಯೋ ನಾಯಿಗೆ ಗಂಟಲು ಒತ್ತುತ್ತೆ, ಎದೆಪಟ್ಟಿಯೇ ಸರಿ. ಡೇರಿಗೆ ಹಾಲು ಹಾಕೋಕೆ ಹೋಗಿ ಬರೋದು ಮೂರು ಕಿಲೋಮೀಟರ್, ಅದು ನನ್ನನ್ನ ಎಳ್ಕೊಂಡು ಹೋಗುತ್ತೆ. ವಾಪಸ್ ಬಂದ ಮೇಲೆ ಬಿದ್ದಿರೋ ಒಣಗಿದ ತೆಂಗಿನ ಗರಿ ಒಂದನ್ನ ಪಟ್ಟಿಗೆ ಹಗ್ಗದಲ್ಲಿ ಕಟ್ಟಿದ್ರೆ, ಬದು ಮೇಲೆ ಸರಸರ ಎಳೆದು ಕೊಟ್ಟಿಗೆ ಹತ್ರ ತಂದು ನಿಲ್ಲುತ್ತೆ. ಡಾಕ್ಟರನ್ನ ಕೇಳೇ ಶುರು ಮಾಡಿದ್ದು. ಬೆಳೆದ ನಾಯಿ, ಹಗುರ ಭಾರ, ತಂಪು ಹೊತ್ತು, ಹತ್ತು ಹದಿನೈದು ನಿಮಿಷ, ಆಗಬಹುದು ಅಂದ್ರು. ಊರಲ್ಲಿ ನಗ್ತಾರೆ. ನಾಯಿ ಕೈಲಿ ಬೇಸಾಯ ಮಾಡಿಸ್ತಾನೆ ಅಂತಾರೆ. ನಗಲಿ. ಗರಿ ಎಳೆಯೋಕೆ ಶುರು ಮಾಡಿದ ಮೇಲೆ ಒಂದೂ ಡ್ರಿಪ್ ಪೈಪ್ ಹೋಗಿಲ್ಲ. ಎಂಟು ಗಂಟೆಗೆ ಬಿಸಿಲು ಏರಿದ್ರೆ ಕೆಲಸ ಬಂದ್. ಆಮೇಲೆ ಸಂಜೆ ಆರರ ತನಕ ನಡುಮನೆ ಕಡಪ ಕಲ್ಲಿನ ಮೇಲೆ ಮಲಗಿರುತ್ತೆ. ಹಲಸಿನ ಮರದ ಬುಡದಲ್ಲಿ ಅದಕ್ಕೆ ಅಂತಲೇ ಒಂದು ಗುಂಡಿ ತೆಗೆದು ಮರಳು ತುಂಬಿ ಒದ್ದೆ ಮಾಡಿಟ್ಟಿದ್ದೀನಿ, ಎಷ್ಟು ಬೇಕಾದ್ರೂ ಕೆರೆಯಲಿ.

ಆದ್ರೆ ಕೋಳಿ ವಿಷಯದಲ್ಲಿ ಇವತ್ತಿಗೂ ನಂಬಿಕೆ ಇಲ್ಲ. ಹಗ್ಗ ಬಿಡಿಸಿ ಬಿಡೋದು ಸುತ್ತ ಜಾಲರಿ ಇರೋ ಒಂದು ಗುಂಟೆ ಜಾಗದಲ್ಲಿ ಮಾತ್ರ. ಜಾಲರಿಯನ್ನ ಒಂದಡಿ ಮಣ್ಣೊಳಗೆ ಹೂತಿದ್ದೀನಿ. ರಾತ್ರಿ ಮನೆ ಒಳಗೇ. ನಮ್ಮ ಕಡೆ ಚಿರತೆ ಓಡಾಟ ನಿಮಗೇ ಗೊತ್ತು. ಅಂಗಳದ ನಾಯಿ ಅದಕ್ಕೆ ಸುಲಭದ ತುತ್ತು. ಕರಿಯನನ್ನೂ ಈಗ ಒಳಗೇ ಮಲಗಿಸ್ತೀವಿ. ಇದು ಬಂದಿದ್ದರಿಂದ ಅವನಿಗೊಂದು ಅನುಕೂಲ ಆಯ್ತು.

ಊಟದ ಬಗ್ಗೆ. ಕರಿಯನಿಗೆ ಹಾಕೋ ಮುದ್ದೆ ಸಾರು ಇದಕ್ಕೂ ಹಾಕ್ತಿದ್ದೆ. ಸಾರಲ್ಲಿರೋ ಈರುಳ್ಳಿ, ಬೆಳ್ಳುಳ್ಳಿ ಯಾವ ನಾಯಿಗೂ ಒಳ್ಳೇದಲ್ಲ, ರಕ್ತ ಕೆಡಿಸುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೆಟ್ ಕೊಡಲೇಬಾರದು. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ. ಈಗ ಬೆಳ್ಳಿಗೆ ಎರಡು ಹೊತ್ತು, ಉಪ್ಪು ಖಾರ ಇಲ್ಲದ ಅನ್ನ, ಬೇಯಿಸಿದ ಕೋಳಿ ಮಾಂಸ ಇಲ್ಲಾ ಮೊಟ್ಟೆ, ಸ್ವಲ್ಪ ಸಿಹಿಗುಂಬಳ. ತಿನ್ನೋದು ಕಡಿಮೆ. ಬಿಟ್ಟರೆ ಬಿಡಲಿ, ಬಲವಂತ ಮಾಡಬೇಡಿ, ಈ ಜಾತಿ ಕಡಿಮೆ ತಿಂದು ಹೆಚ್ಚು ದುಡಿಯೋದು. ಆದ್ರೆ ಎರಡು ಹೊತ್ತು ಪೂರ್ತಿ ಬಿಟ್ಟು ಮಂಕಾದ್ರೆ ಡಾಕ್ಟರ ಹತ್ರ ಹೋಗಿ.

ಹೋದ ಚಳಿಗಾಲದಲ್ಲಿ ಕಣ್ಣು ಬಾಯಿ ಸುತ್ತ ಕೂದಲು ಹೋಗಿ ಹೊಪ್ಪಳೆ ಕಟ್ಟಿತು. ಕಜ್ಜಿ ಅಂದ್ಕೊಂಡು ಬೇವಿನೆಣ್ಣೆ ಹಚ್ಚಿದೆ, ಕಡಿಮೆ ಆಗಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಸತುವಿನ ಕೊರತೆ ಅಂದ್ರು. ಹಸ್ಕಿ ರಕ್ತದ ಕೆಲವು ನಾಯಿಗೆ ತಿಂದಿದ್ದರಲ್ಲಿರೋ ಸತು ಮೈಗೆ ಸರಿಯಾಗಿ ಹತ್ತಲ್ಲ. ಬರೀ ಧಾನ್ಯ ಹಾಕಿದ್ರೆ ಇನ್ನೂ ಕಡಿಮೆ ಹತ್ತುತ್ತೆ. ಗದ್ದೆ ಮಣ್ಣಲ್ಲಿ ಸತು ಇದ್ದರೂ ಪೈರಿಗೆ ಹತ್ತದೆ ಎಲೆ ಕಂದುಗಟ್ಟುತ್ತಲ್ಲ, ಅದೇ ಲೆಕ್ಕ. ಆದ್ರೆ ಗೊಬ್ಬರದಂಗಡಿ ಜಿಂಕ್ ಸಲ್ಫೇಟ್ ತಂದು ನಾಯಿಗೆ ಹಾಕೀರಿ ಜೋಕೆ. ಹೆಚ್ಚಾದ್ರೆ ವಿಷ. ಡಾಕ್ಟರು ತೂಕ ನೋಡಿ ಕೊಟ್ಟ ಮಾತ್ರೆಯಲ್ಲೇ ಆರು ವಾರಕ್ಕೆ ಸರಿಹೋಯ್ತು.

ಉಣ್ಣೆ ಹುಳುವಿಗೂ ಹಾಗೇ. ದನಕ್ಕೆ ತಂದ ಔಷಧಿಯನ್ನ ಅದೇ ಅಳತೇಲಿ ನಾಯಿಗೆ ಬಳಿಯೋದು ನಮ್ಮಲ್ಲಿ ಅಭ್ಯಾಸ. ನಾಯಿ ಮೈ ನೆಕ್ಕುತ್ತೆ, ಹಸು ಹಾಗಲ್ಲ. ತೂಕಕ್ಕೆ ತಕ್ಕ ಮಾತ್ರೆ ಸಿಗುತ್ತೆ, ಕೇಳಿ ಹಾಕಿ. ಈ ದಪ್ಪ ಕೂದಲಲ್ಲಿ ಹುಳು ಕಾಣಲ್ಲ, ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದಿ, ಕತ್ತಿನ ಕೆಳಗೆ ಬೆರಳಾಡಿಸಿ ನೋಡಬೇಕು. ಊಟ ಬಿಟ್ಟು, ಒಸಡು ಬಿಳಿಚಿಕೊಂಡು, ಜ್ವರ ಬಂದ್ರೆ ಹುಳುವಿನ ಜ್ವರ ಇರಬಹುದು, ತಡ ಮಾಡಬೇಡಿ. ಮೂರು ತಿಂಗಳಿಗೊಮ್ಮೆ ಜಂತು ಮಾತ್ರೆ. ಹುಚ್ಚುನಾಯಿ ರೋಗದ ಲಸಿಕೆ ಮರಿಗೆ ಮೂರು ತಿಂಗಳಾದಾಗ ಒಂದು, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಇದು ಕರಿಯನಂಥ ನಾಟಿ ನಾಯಿಗೂ ಅಷ್ಟೇ ಮುಖ್ಯ. ಯಾವ ನಾಯಿ ಕಚ್ಚಿದ್ರೂ, ಸಾಕಿದ್ದೇ ಆಗಿರಲಿ, ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ಬಾಚೋದು ವಾರಕ್ಕೆ ಎರಡು ಸಲ. ಕೂದಲು ಉದುರೋ ಕಾಲದಲ್ಲಿ ದಿನಾ. ನಮ್ಮನೆಯವರು ಸಂಜೆ ಧಾರಾವಾಹಿ ನೋಡ್ತಾ ಬಾಚ್ತಾರೆ. ಸ್ನಾನ ತಿಂಗಳಿಗೊಂದು ಸಾಕು, ಆದ್ರೆ ಒಳ ಕೂದಲು ಪೂರ್ತಿ ಒಣಗಿಸಬೇಕು, ಇಲ್ಲದಿದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಚರ್ಮ ಕೆಡುತ್ತೆ.

ಊಟ, ಔಷಧಿ ಎಲ್ಲಾ ಸೇರಿ ತಿಂಗಳಿಗೆ ಸುಮಾರು ಎರಡು ಸಾವಿರ ಆಗುತ್ತೆ. ಅರ್ಧ ಮಗಳು ಕಳಿಸ್ತಾಳೆ. ದುಡ್ಡಿಗಿಂತ ದೊಡ್ಡ ಖರ್ಚು ಹೊತ್ತಿನದು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಜ್ವರ ಬಂದು ಮಲಗಿದ್ದಾಗಲೂ ಒಂದಿನ ತಪ್ಪಿಸಿಲ್ಲ, ಅವತ್ತು ದೊಡ್ಡಮ್ಮನ ಮಗ ಕರ್ಕೊಂಡು ಹೋದ. ಮನೆಗೆ ಬೀಗ ಹಾಕಿ ಇಬ್ಬರೂ ಮದುವೆಗೆ ಹೋಗಿ ಎರಡು ವರ್ಷ ಆಯ್ತು. ಒಬ್ಬರು ಹೋಗ್ತೀವಿ, ಒಬ್ಬರು ಇರ್ತೀವಿ.

ಹಾಗಾಗಿ ಫೋನ್ ಮಾಡಿದ ಮೂರು ಜನಕ್ಕೆ ನನ್ನ ಮಾತು ಇಷ್ಟೇ. ಕಾವಲಿಗೆ ನಾಯಿ ಬೇಕಿದ್ರೆ ನಿಮ್ಮೂರಲ್ಲೇ ಹುಟ್ಟಿದ ನಾಟಿ ಮರಿ ತಗೊಳ್ಳಿ, ಈ ಬಿಸಿಲು ಅದಕ್ಕೆ ಹುಟ್ಟಿನಿಂದ ಗೊತ್ತು. ಓಡೋ ನಾಯಿ ಬೇಕಿದ್ರೆ ನಮ್ಮ ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಇದೆ, ಆದ್ರೆ ಅದಕ್ಕೂ ಓಡೋಕೆ ಜಾಗ, ಹೊತ್ತು ಬೇಕು, ತಿಳ್ಕೊಂಡು ತನ್ನಿ. ನೀಲಿ ಕಣ್ಣು ಚೆನ್ನಾಗಿದೆ ಅಂತ ಮಾತ್ರ ಹಿಮದ ನಾಯೀನ ಈ ಬಿಸಿಲಿಗೆ ತರಬೇಡಿ. ಈಗಾಗಲೇ ನಿಮ್ಮ ಮಕ್ಕಳು ತಂದು ಬಿಟ್ಟು ಹೋಗಿದ್ರೆ, ನಮ್ಮ ಹಾಗೆ ಕೈಗೆ ಬಂದುಬಿಟ್ಟಿದ್ರೆ, ಬೈಕೊಂಡು ಕಟ್ಟಿ ಹಾಕಬೇಡಿ, ಬೋಳಿಸಬೇಡಿ. ನನಗೆ ಫೋನ್ ಮಾಡಿ, ಗೊತ್ತಿರೋದು ಹೇಳ್ತೀನಿ. ಎದೆಪಟ್ಟಿ ಹೊಲಿಸೋಕೆ ಅಳತೆನೂ ಕೊಡ್ತೀನಿ.

ಹೋದ ತಿಂಗಳು ಮಗಳು ಬಂದಿದ್ದಳು. ಈಗ ಮನೆಯಿಂದಲೇ ಕೆಲಸ ಅಂತೆ, ವಾಪಸ್ ಕರ್ಕೊಂಡು ಹೋಗ್ಲಾ ಅಂದಳು. ನಾನು ಏನೂ ಹೇಳಲಿಲ್ಲ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಜೊತೇಲಿ ಕರ್ಕೊಂಡು ಹೋದೆ. ಡೇರಿಗೆ ಹೋಗಿ ಬಂದು, ಗರಿ ಕಟ್ಟಿದ್ವಿ. ಬೆಳ್ಳಿ ಬದು ಮೇಲೆ ಎಳ್ಕೊಂಡು ಹೋಗೋದನ್ನ ನೋಡ್ತಾ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ "ಇಲ್ಲೇ ಇರ್ಲಿ ಬಿಡಪ್ಪಾ" ಅಂದಳು.

ಇವತ್ತಿಗೆ ಇಷ್ಟು ಸಾಕು. ಪಾತಿ ಬಗ್ಗೆ ಕೇಳಿದ ಇಬ್ಬರಿಗೆ ಮುಂದಿನ ವಾರ ಬರೀತೀನಿ, ಬೇಜಾರು ಮಾಡ್ಕೋಬೇಡಿ.